ಡಾಕ್ಟರ್ ಮೇರಿಯಾ ಮಾಂಟೆಸ್ಸರಿ: ಹಲಗೆಯ ಹೆಸರೂ ಬಾಳಿನ ಹುರುಳೂ

ಬೆಂಗಳೂರಿನ ಉತ್ತರ ಭಾಗದಲ್ಲಿ ಹೆಬ್ಬಾಳಕ್ಕೆ ಸಮೀಪವಾಗಿರುವ ಸಂಜಯನಗರದಲ್ಲಿಯೂ ಅದಕ್ಕೆ ನೆರೆಯಾದ ಭೂಪಸಂದ್ರ, ಗೆದ್ದಲಹಳ್ಳಿ, ನಾಗಶೆಟ್ಟಿಹಳ್ಳಿಗಳಲ್ಲಿಯೂ ವರ್ಷಂಪ್ರತಿ ಒಂದು ಆತಂಕವು ಮನೆಮನೆಗಳನ್ನು ಹೊಗುತ್ತದೆ. ಮಗುವಿಗೆ ಎರಡೂವರೆ ವರ್ಷ ತುಂಬುವುದೇ ತಡ, ತಂದೆತಾಯಿಗಳು ಶಿಶುವಿಹಾರದಿಂದ ಶಿಶುವಿಹಾರಕ್ಕೆ ಅಲೆಯತೊಡಗುತ್ತಾರೆ. ಕೆಲವೆಡೆ ಲಕ್ಷ ರೂಪಾಯಿಯನ್ನು ಮುಟ್ಟುವ ವಾರ್ಷಿಕ ಶುಲ್ಕವನ್ನು ಕೇಳಿ ನಿಟ್ಟುಸಿರು ಬಿಡುತ್ತಾರೆ. ನೆರೆಮನೆಯ ಮಗುವು ಸೇರಿದ ಶಾಲೆಗೆ ತಮ್ಮ ಮಗುವು ಸೇರದೆಹೋದರೆ ಅದರ ಭವಿಷ್ಯವೇ ಕೆಟ್ಟಿತೆಂದು ಭಾವಿಸುತ್ತಾರೆ. ಈ ಅಲೆದಾಟದಲ್ಲಿ ಅವರ ಕಣ್ಣಿಗೆ ಪದೇಪದೇ ಬೀಳುವ ಹೆಸರೊಂದುಂಟು; ಅದು ಮಾಂಟೆಸ್ಸರಿ. ಒಂದು ಹಲಗೆಯ ಮೇಲೆ ಅದು ಶಾಲೆಯ ಹೆಸರು, ಇನ್ನೊಂದರ ಮೇಲೆ ತರಗತಿಯ ಹೆಸರು, ಮತ್ತೊಂದರ ಮೇಲೆ ಬರಿಯ ಅಲಂಕಾರ. ಅದು ಒಬ್ಬ ಮಹಿಳೆಯ ಮನೆತನದ ಹೆಸರೆಂಬುದನ್ನೂ, ಆಕೆಯು ನಮ್ಮ ನಾಡಿನ ನೆರೆಯಲ್ಲಿಯೇ ಹಲವು ವರ್ಷ ನೆಲಸಿದ್ದರೆಂಬುದನ್ನೂ ಬಲ್ಲವರು ವಿರಳ. ಹೆಸರನ್ನು ನಂಬಿ ಮಗುವನ್ನು ಒಪ್ಪಿಸುವ ಮೊದಲು ಆ ಹೆಸರಿನ ಹಿಂದಿರುವ ಬಾಳನ್ನು ಅರಿಯುವುದು ಉಚಿತವೆಂದೆಣಿಸಿ ಈ ಚರಿತ್ರೆಯನ್ನು ವಾಚಕರ ಮುಂದಿಡುತ್ತೇವೆ.

ಮೇರಿಯಾ ಮಾಂಟೆಸ್ಸರಿಯವರು 1870ನೆಯ ಆಗಸ್ಟ್ 31ರಂದು ಇಟಲಿ ದೇಶದ ಅಂಕೋನಾ ಪಟ್ಟಣಕ್ಕೆ ಸಮೀಪದ ಕ್ಯಾರವಾಲೆ ಎಂಬ ಊರಿನಲ್ಲಿ ಜನಿಸಿದರು. ತಂದೆ ಅಲೆಸ್ಸಾಂಡ್ರೊ ಮಾಂಟೆಸ್ಸರಿಯವರು ಸರ್ಕಾರಿ ಅಧಿಕಾರಿ. ಹಳೆಯ ಸಂಪ್ರದಾಯಕ್ಕೆ ಒಗ್ಗಿದ ಗಂಭೀರ ಪುರುಷರು. ತಾಯಿ ರೆನಿಲ್ಡೆಯವರು ಓದಿನಲ್ಲಿ ಆಸಕ್ತಿಯುಳ್ಳ, ಮಗಳ ಮಹತ್ವಾಕಾಂಕ್ಷೆಗೆ ಬೆಂಬಲವಾಗಿ ನಿಂತ ಸ್ತ್ರೀ. 1875ರಲ್ಲಿ ಕುಟುಂಬವು ರೋಮ್ ನಗರಕ್ಕೆ ಬಂದು ನೆಲಸಿತು. ಹೆಣ್ಣುಮಕ್ಕಳಿಗೆ ಉಪಾಧ್ಯಾಯವೃತ್ತಿಯೊಂದೇ ಯೋಗ್ಯವೆಂದು ಜನರು ತಿಳಿದಿದ್ದ ಆ ಕಾಲದಲ್ಲಿ ಈ ಬಾಲಿಕೆಯು ಅದೊಂದನ್ನು ಮಾತ್ರ ಒಲ್ಲೆನೆಂದು ಹಟ ಹಿಡಿದು, ಮೊದಲು ಯಂತ್ರಶಿಲ್ಪದ ಕಡೆಗೂ ಅನಂತರ ವೈದ್ಯಶಾಸ್ತ್ರದ ಕಡೆಗೂ ಮನಸ್ಸನ್ನು ತಿರುಗಿಸಿದಳು. ತಾನು ಒಲ್ಲೆನೆಂದ ವೃತ್ತಿಯಲ್ಲಿಯೇ ಲೋಕಪ್ರಸಿದ್ಧಿಯನ್ನು ಪಡೆಯುವ ಯೋಗವು ಆಕೆಯ ಹಣೆಯಲ್ಲಿ ಬರೆದಿತ್ತು.

ರೋಮ್ ವಿಶ್ವವಿದ್ಯಾನಿಲಯದ ವೈದ್ಯಶಾಲೆಯಲ್ಲಿ ಆಕೆಯ ವ್ಯಾಸಂಗವು ಸುಲಭವಾಗಿರಲಿಲ್ಲ. ಗಂಡಸರ ನಡುವೆ ಹೆಂಗಸೊಬ್ಬಳು ಶವಚ್ಛೇದನ ಮಾಡುವುದು ಅಸಭ್ಯವೆಂಬ ಕಾರಣದಿಂದ, ಎಲ್ಲರೂ ಮನೆಗೆ ತೆರಳಿದ ಮೇಲೆ ಸಾಯಂಕಾಲದ ಮಬ್ಬಿನಲ್ಲಿ ಒಬ್ಬಳೇ ಕುಳಿತು ಆ ಕೆಲಸವನ್ನು ಕಲಿಯಬೇಕಾಯಿತು. 1896ರಲ್ಲಿ ಆಕೆಯು ಡಾಕ್ಟರ್ ಪದವಿಯನ್ನು ಗಳಿಸಿ, ಇಟಲಿಯ ಪ್ರಥಮ ಮಹಿಳಾ ವೈದ್ಯರ ಪೈಕಿ ಒಬ್ಬರಾದರು. ಅದೇ ವರ್ಷ ಬರ್ಲಿನ್ ನಗರದಲ್ಲಿ ಸೇರಿದ ಮಹಿಳಾ ಸಮ್ಮೇಲನದಲ್ಲಿ ದುಡಿಯುವ ಹೆಂಗಸರಿಗೆ ಗಂಡಸರಿಗೆ ಸಮನಾದ ವೇತನ ದೊರೆಯಬೇಕೆಂದು ವಾದಿಸಿದರು.

ವೈದ್ಯರಾಗಿ ಆಕೆಯು ರೋಮಿನ ಹುಚ್ಚಾಸ್ಪತ್ರೆಗಳಿಗೆ ಹೋಗಿಬರುತ್ತಿದ್ದಾಗ, ಬುದ್ಧಿಮಾಂದ್ಯವುಳ್ಳ ಮಕ್ಕಳನ್ನು ವಯಸ್ಕ ರೋಗಿಗಳೊಡನೆ ಬರಿಗೋಡೆಗಳ ನಡುವೆ ಕೂಡಿಹಾಕಿದ್ದುದನ್ನು ಕಂಡರು. ಆ ಮಕ್ಕಳಿಗೆ ಔಷಧಿಗಿಂತ ಕೈಗೆ ಕೆಲಸ ಬೇಕಾಗಿದೆ ಎಂದು ಅವರಿಗೆ ತೋರಿತು. ಇತಾರ್ ಮತ್ತು ಸೆಗ್ಯಾಂ ಎಂಬ ಫ್ರೆಂಚ್ ವೈದ್ಯರು ಹಿಂದೆ ಇಂಥ ಮಕ್ಕಳಿಗಾಗಿ ರಚಿಸಿದ್ದ ಸಾಧನಗಳನ್ನೂ ಗ್ರಂಥಗಳನ್ನೂ ಆಳವಾಗಿ ಅಭ್ಯಸಿಸಿದರು. 1900ರಲ್ಲಿ ಇಂಥ ಮಕ್ಕಳಿಗಾಗಿ ರೋಮಿನಲ್ಲಿ ತೆರೆದ ಶಾಲೆಗೆ ಡಾಕ್ಟರ್ ಮಾಂತೆಸಾನೊ ಎಂಬವರ ಜೊತೆಯಲ್ಲಿ ನಿರ್ದೇಶಕರಾಗಿ ದುಡಿದರು. ಮಂದಬುದ್ಧಿಯವರೆಂದು ಕೈಬಿಟ್ಟಿದ್ದ ಮಕ್ಕಳು ಓದುಬರಹವನ್ನು ಕಲಿತಾಗ ಲೋಕವು ಆಕೆಯನ್ನು ಕೊಂಡಾಡಿತು. ಆಕೆಯ ಮನಸ್ಸನ್ನು ಕೊರೆದುದು ಬೇರೊಂದು ಪ್ರಶ್ನೆ: ಇವರೇ ಇಷ್ಟು ಕಲಿಯಬಲ್ಲರಾದರೆ, ಸಾಮಾನ್ಯ ಶಾಲೆಗಳಲ್ಲಿ ಆರೋಗ್ಯವಂತ ಮಕ್ಕಳು ಇಷ್ಟೇ ಕಲಿತು ನಿಂತಿರುವುದೇಕೆ?

ಈ ಕಾಲದ ಒಂದು ದುಃಖವನ್ನು ಮರೆಮಾಚುವುದು ಚರಿತ್ರಕಾರನಿಗೆ ಸಲ್ಲದು. ಮಾಂತೆಸಾನೊ ಅವರಿಂದ ಆಕೆಗೆ 1898ರಲ್ಲಿ ಮಾರಿಯೊ ಎಂಬ ಮಗನು ಹುಟ್ಟಿದನು, ವಿವಾಹವು ನಡೆಯಲಿಲ್ಲ. ಅಂದಿನ ಸಮಾಜದ ಭಯದಿಂದ ಶಿಶುವನ್ನು ಹಳ್ಳಿಯ ಒಂದು ಕುಟುಂಬದಲ್ಲಿ ಬೆಳೆಯಲು ಬಿಡಬೇಕಾಯಿತು. ಲೋಕದ ಮಕ್ಕಳ ಸಂಬಂಧವಾಗಿ ಇಷ್ಟು ಚಿಂತಿಸಿದ ಆಕೆಯು ತನ್ನ ಮಗುವಿನ ಬಾಲ್ಯವನ್ನು ದೂರದಿಂದಲೇ ನೋಡಿದರು. 1912ರಲ್ಲಿ ತಾಯಿಯು ತೀರಿಕೊಂಡ ತರುವಾಯ ಮಗನನ್ನು ಕರೆತಂದರು. ಅಂದಿನಿಂದ ಕೊನೆಯ ಉಸಿರಿನವರೆಗೂ ಅವನೇ ಆಕೆಯ ಬಲಗೈಯಾದನು.

ಆಕೆಯ ಕೀರ್ತಿಗೆ ಮೂಲವಾದ ಘಟನೆಯು 1907ನೆಯ ಜನವರಿ 6ರಂದು ಸಂಭವಿಸಿತು. ರೋಮಿನ ಸಾನ್ ಲೊರೆಂಜೊ ಎಂಬ ಕೇರಿಯು ಕೂಲಿಕಾರರೂ ನಿರುದ್ಯೋಗಿಗಳೂ ತುಂಬಿದ ಕೊಳಕು ಪ್ರದೇಶ. ಒಂದು ಗೃಹನಿರ್ಮಾಣ ಸಂಸ್ಥೆಯು ಅಲ್ಲಿನ ಪಾಳು ಕಟ್ಟಡಗಳನ್ನು ದುರಸ್ತಿಮಾಡಿ ಬಡ ಕುಟುಂಬಗಳಿಗೆ ಬಾಡಿಗೆಗೆ ಕೊಟ್ಟಿತ್ತು. ತಂದೆತಾಯಿಗಳು ಹಗಲೆಲ್ಲ ಕೆಲಸಕ್ಕೆ ಹೋದಾಗ, ಶಾಲೆಯ ವಯಸ್ಸಾಗದ ಮಕ್ಕಳು ಮೆಟ್ಟಿಲುಗಳಲ್ಲಿ ಓಡಾಡಿ ಹೊಸ ಗೋಡೆಗಳನ್ನು ಕೆಡಿಸುತ್ತಿದ್ದವು. ಗೋಡೆಗಳನ್ನು ಉಳಿಸಿಕೊಳ್ಳುವ ಸಲುವಾಗಿ ಆ ಸಂಸ್ಥೆಯು ಮಕ್ಕಳನ್ನು ಒಂದೆಡೆ ಕೂಡಿಸಲು ನಿಶ್ಚಯಿಸಿ ಮಾಂಟೆಸ್ಸರಿಯವರನ್ನು ಕರೆಯಿತು. ಹೀಗೆ ಪ್ರಾರಂಭವಾದ ಮಕ್ಕಳ ಮನೆಯಲ್ಲಿ ಐವತ್ತಕ್ಕೂ ಹೆಚ್ಚು ಮಕ್ಕಳಿದ್ದವು. ಅವುಗಳನ್ನು ನೋಡಿಕೊಳ್ಳಲು ವಿಶೇಷ ವಿದ್ಯೆಯಿಲ್ಲದ ಒಬ್ಬ ತರುಣಿಯಿದ್ದಳು. ಇಂದು ಶ್ರೀಮಂತರ ಬಡಾವಣೆಗಳಲ್ಲಿ ಮೆರೆಯುವ ಈ ಹೆಸರು ಹುಟ್ಟಿದುದು ಕೂಲಿಕಾರರ ವಠಾರದಲ್ಲಿ ಎಂಬುದನ್ನು ವಾಚಕರು ಗಮನಿಸಬೇಕು.

ಆ ಕೊಠಡಿಯಲ್ಲಿ ಮಾಂಟೆಸ್ಸರಿಯವರು ಬೋಧಿಸಲಿಲ್ಲ, ನೋಡಿದರು. ಮೂರು ವರ್ಷದ ಒಬ್ಬ ಬಾಲಿಕೆಯು ಮರದ ಉರುಳೆಗಳನ್ನು ಅವುಗಳ ಕುಳಿಗಳಲ್ಲಿ ಕೂರಿಸುವುದೂ ತೆಗೆಯುವುದೂ ಆಗಿ ನಲವತ್ತಕ್ಕೂ ಹೆಚ್ಚು ಸಲ ಅದೇ ಕೆಲಸವನ್ನು ಮಾಡಿದಳು. ಸುತ್ತಲೂ ಇತರ ಮಕ್ಕಳು ಹಾಡಿದರೂ, ಅವಳನ್ನು ಕುರ್ಚಿಯ ಸಹಿತ ಎತ್ತಿ ಮೇಜಿನ ಮೇಲಿಟ್ಟರೂ ಅವಳ ಗಮನವು ಚಲಿಸಲಿಲ್ಲ. ಸಾಕೆನಿಸಿದಾಗ ನಿದ್ರೆಯಿಂದೆದ್ದವಳಂತೆ ತೃಪ್ತಿಯಿಂದ ನಕ್ಕಳು. ಚಿಕ್ಕ ಮಕ್ಕಳ ಮನಸ್ಸು ಒಂದೆಡೆ ನಿಲ್ಲದೆಂದು ಪಂಡಿತರು ಹೇಳುತ್ತಿದ್ದ ಮಾತು ಅಂದೇ ಸುಳ್ಳಾಯಿತು. ಮತ್ತೊಂದು ದಿನ ಉಪಾಧ್ಯಾಯಿನಿಯು ಬೀಗ ಹಾಕಲು ಮರೆತ ಬೀರುವಿನಿಂದ ಮಕ್ಕಳು ತಮಗೆ ಬೇಕಾದ ವಸ್ತುಗಳನ್ನು ತಾವೇ ಆರಿಸಿ ತೆಗೆದುಕೊಂಡು ಕೆಲಸದಲ್ಲಿ ಮಗ್ನರಾಗಿದ್ದವು. ಅವಳು ಅದನ್ನು ಕಳ್ಳತನವೆಂದು ಬಗೆದಳು. ಮಾಂಟೆಸ್ಸರಿಯವರಿಗೆ ಅದು ಆಯ್ಕೆಯೆಂದು ತೋರಿತು. ಎತ್ತರದ ಬೀರುವಿನ ಬದಲು ಮಕ್ಕಳ ಕೈಗೆಟಕುವ ತಗ್ಗಿನ ತೆರೆದ ಕಪಾಟುಗಳು ಬಂದುದು ಇದರಿಂದಲೇ.

ಇನ್ನೊಂದು ಸಂಗತಿಯು ಚಿಕ್ಕದಾದರೂ ಮರೆಯತಕ್ಕುದಲ್ಲ. ಒಂದು ದಿನ ಆಕೆಯು ಮೂಗನ್ನು ಶುಚಿಮಾಡಿಕೊಳ್ಳುವ ಬಗೆಯನ್ನು, ಶಬ್ದವಾಗದಂತೆ ಕರವಸ್ತ್ರವನ್ನು ಬಳಸುವ ಕ್ರಮವನ್ನು, ಮಕ್ಕಳಿಗೆ ಮೆಲ್ಲನೆ ತೋರಿಸಿಕೊಟ್ಟರು. ಪಾಠವು ಮುಗಿಯುತ್ತಲೇ ಮಕ್ಕಳು ನಾಟಕಶಾಲೆಯಲ್ಲಿಯಂತೆ ಚಪ್ಪಾಳೆ ತಟ್ಟಿದವು. ಸುರಿಯುವ ಮೂಗಿಗಾಗಿ ನಿತ್ಯವೂ ಬೈಗುಳವನ್ನೇ ಕೇಳಿದ್ದ ಆ ಮಕ್ಕಳಿಗೆ, ಅವಮಾನ ಮಾಡದೆ ಕಲಿಸಿದವರು ಅದುವರೆಗೆ ಯಾರೂ ಇರಲಿಲ್ಲ. ಶಿಶುವಿಗೂ ಮಾನವುಂಟೆಂಬ ತತ್ತ್ವವು ಆಕೆಯ ವಿಧಾನದ ಹೃದಯವಾಯಿತು.

ಓದುಬರಹದ ವಿಷಯದಲ್ಲಿ ಸಾನ್ ಲೊರೆಂಜೊದ ನಿರಕ್ಷರಿಗಳಾದ ತಾಯಂದಿರೂ ನಮ್ಮ ಸಂಜಯನಗರದ ವಿದ್ಯಾವಂತ ತಾಯಂದಿರೂ ಒಂದೇ ಬಗೆಯವರು. ಮಕ್ಕಳಿಗೆ ಬೇಗನೆ ಅಕ್ಷರ ಕಲಿಸಿರೆಂದು ಅವರೂ ಬಂದು ಬೇಡಿದರು. ಮಾಂಟೆಸ್ಸರಿಯವರಿಗೆ ಅದರಲ್ಲಿ ಮೊದಲು ಮನಸ್ಸಿರಲಿಲ್ಲ. ಕೊನೆಗೆ ಉಪ್ಪುಕಾಗದದಲ್ಲಿ ಅಕ್ಷರಗಳನ್ನು ಕತ್ತರಿಸಿ ಹಲಗೆಗೆ ಅಂಟಿಸಿ, ಮಕ್ಕಳು ಬೆರಳಿನಿಂದ ಅವುಗಳ ಜಾಡನ್ನು ಸವರುವಂತೆಯೂ ಒಂದೊಂದರ ಧ್ವನಿಯನ್ನು ಉಚ್ಚರಿಸುವಂತೆಯೂ ಏರ್ಪಡಿಸಿದರು. ಕೈಗೆ ಪೆನ್ಸಿಲನ್ನು ಕೊಟ್ಟು ತಿದ್ದಿಸಲಿಲ್ಲ. ಪುಟ ತುಂಬಿಸಿರೆಂದು ಗದರಿಸಲಿಲ್ಲ. ಕೆಲವು ತಿಂಗಳುಗಳಲ್ಲಿ ಒಬ್ಬ ಬಾಲಕನು ಸೀಮೆಸುಣ್ಣದಿಂದ ಹೊಗೆಗೂಡಿನ ಚಿತ್ರವನ್ನು ಬರೆಯುತ್ತಿದ್ದವನು ಇದ್ದಕ್ಕಿದ್ದಂತೆ ಅದರ ಹೆಸರನ್ನೇ ಬರೆದು ಆನಂದದಿಂದ ಕೂಗಿದನು. ಇತರ ಮಕ್ಕಳೂ ನೆಲದ ಮೇಲೆ, ಬಾಗಿಲುಗಳ ಮೇಲೆ ಬರೆಯತೊಡಗಿದವು. ನಮ್ಮ ಹಿರಿಯರಿಗೆ ಇದು ತೀರ ಅಪರಿಚಿತವಲ್ಲ. ಕೂಲಿಮಠಗಳಲ್ಲಿ ಮರಳು ಹರಡಿ ಬೆರಳಿನಿಂದ ಅಕ್ಷರ ತೀಡಿಸುತ್ತಿದ್ದ ಪದ್ಧತಿಯೂ, ಅಕ್ಕಿಯ ಮೇಲೆ ಓಂಕಾರ ಬರೆಯಿಸುವ ಅಕ್ಷರಾಭ್ಯಾಸವೂ ಬೆರಳಿಗೇ ಮೊದಲು ವಿದ್ಯೆಯನ್ನು ಒಪ್ಪಿಸಿದವು. ಆದರೆ ಕೂಲಿಮಠದ ಐಗಳ ಕೈಯಲ್ಲಿದ್ದ ಬೆತ್ತವು ಸಾನ್ ಲೊರೆಂಜೊದಲ್ಲಿ ಇರಲಿಲ್ಲ.

ಈ ಸುದ್ದಿಯು ದೇಶದೇಶಗಳಿಗೆ ಹಬ್ಬಿತು. 1909ರಲ್ಲಿ ಆಕೆಯ ಗ್ರಂಥವು ಇಟಲಿಯಲ್ಲಿಯೂ 1912ರಲ್ಲಿ ಅದರ ಇಂಗ್ಲಿಷ್ ಅನುವಾದವೂ ಪ್ರಕಟವಾದವು. 1915ರಲ್ಲಿ ಸಾನ್ ಫ್ರಾನ್ಸಿಸ್ಕೊ ನಗರದ ವಸ್ತುಪ್ರದರ್ಶನದಲ್ಲಿ ಗಾಜಿನ ಗೋಡೆಗಳ ಒಳಗೆ ಮಕ್ಕಳು ನಿಶ್ಚಿಂತೆಯಿಂದ ಕೆಲಸಮಾಡುತ್ತಿದ್ದುದನ್ನು ಜನರು ಗುಂಪುಗುಂಪಾಗಿ ನಿಂತು ನೋಡಿದರು. ಅಮೆರಿಕದ ಪ್ರೊಫೆಸರ್ ಕಿಲ್ಪ್ಯಾಟ್ರಿಕ್ ಅವರು 1914ರಲ್ಲಿ ಈ ಪದ್ಧತಿಯನ್ನು ಕಟುವಾಗಿ ವಿಮರ್ಶಿಸಿದ ಮೇಲೆ ಅಲ್ಲಿನ ಉತ್ಸಾಹವು ತಣ್ಣಗಾಯಿತು. ಯೂರೋಪಿನಲ್ಲಿ ಅದು ಬೆಳೆಯಿತು. 1929ರಲ್ಲಿ ಆಕೆಯೂ ಮಾರಿಯೊ ಅವರೂ ಅಂತರರಾಷ್ಟ್ರೀಯ ಮಾಂಟೆಸ್ಸರಿ ಸಂಘವನ್ನು ಸ್ಥಾಪಿಸಿದರು.

ಆಕೆಯ ಬಾಳಿನ ಅತ್ಯಂತ ಕಠಿಣ ಪರೀಕ್ಷೆಯು ಸ್ವದೇಶದಿಂದಲೇ ಬಂದಿತು. 1924ರಿಂದ ಮುಸೊಲಿನಿಯ ಸರ್ಕಾರವು ಆಕೆಯ ಶಾಲೆಗಳಿಗೆ ಆಶ್ರಯವಿತ್ತಿತು. ಆಕೆಯು ಅದನ್ನು ಸ್ವೀಕರಿಸಿದರು. ಶಿಶುಗಳ ಸ್ವಾತಂತ್ರ್ಯವನ್ನು ಸಾರುವ ವಿಧಾನವು ಸರ್ವಾಧಿಕಾರಿಯ ನೆರಳಿನಲ್ಲಿ ನಿಂತುದು ಆಕೆಯ ಚರಿತ್ರೆಯಲ್ಲಿ ಒಂದು ಕಲೆಯೆಂಬುದನ್ನು ಅಭಿಮಾನಿಗಳೂ ಒಪ್ಪಬೇಕು. ಆದರೆ ಮಕ್ಕಳನ್ನು ಸೈನಿಕರ ಅಚ್ಚಿನಲ್ಲಿ ಎರೆಯಲು ಬಯಸುವವನಿಗೂ ಮಗುವನ್ನು ಅದರ ಪಾಡಿಗೆ ಬೆಳೆಯಗೊಡುವವರಿಗೂ ಬಹುಕಾಲ ಹೊಂದುವುದುಂಟೆ? 1934ರಲ್ಲಿ ಸಂಬಂಧವು ಮುರಿಯಿತು. ಇಟಲಿಯಲ್ಲಿ ಆಕೆಯ ಶಾಲೆಗಳು ಮುಚ್ಚಿದವು. ಬಾರ್ಸಿಲೋನಾದಲ್ಲಿದ್ದ ನೆಲೆಯನ್ನು 1936ರ ಅಂತರ್ಯುದ್ಧವು ಕಿತ್ತುಹಾಕಿತು. ಅರುವತ್ತು ದಾಟಿದ ವಯಸ್ಸಿನಲ್ಲಿ ಆಕೆಯು ಹಾಲೆಂಡಿನಲ್ಲಿ ಆಶ್ರಯ ಪಡೆದರು. ಹಲಗೆಯ ಮೇಲೆ ಹೆಸರಿದ್ದ ಮಾತ್ರಕ್ಕೆ ಒಳಗೆ ತತ್ತ್ವವು ಉಳಿಯುವುದಿಲ್ಲವೆಂಬುದನ್ನು ಆಕೆಯೇ ಹೀಗೆ ಅನುಭವದಿಂದ ಕಲಿತರು.

ಭಾರತದ ನಂಟು ಅದಕ್ಕೂ ಹಿಂದಿನದು. 1920ರಲ್ಲಿ ಭಾವನಗರದಲ್ಲಿ ವಕೀಲಿಯನ್ನು ಬಿಟ್ಟ ಗಿಜುಭಾಯಿ ಬಧೇಕಾ ಅವರು ಬಾಲಮಂದಿರವನ್ನು ತೆರೆದು ಈ ಪದ್ಧತಿಯನ್ನು ನಮ್ಮ ನೆಲಕ್ಕೆ ಒಗ್ಗಿಸತೊಡಗಿದ್ದರು. 1931ರ ಅಕ್ಟೋಬರಿನಲ್ಲಿ ದುಂಡುಮೇಜಿನ ಪರಿಷತ್ತಿಗಾಗಿ ಲಂಡನ್ನಿಗೆ ಹೋಗಿದ್ದ ಮಹಾತ್ಮಾ ಗಾಂಧಿಯವರು ಆಕೆಯನ್ನು ಕಂಡು, ಆಕೆಯ ಶಿಕ್ಷಣಾಲಯದಲ್ಲಿ ಭಾಷಣ ಮಾಡಿದರು. ಈ ಶಿಕ್ಷಣವು ಸಿರಿವಂತರ ಮಕ್ಕಳಿಗೆ ಮಾತ್ರವಲ್ಲದೆ ಭಿಕ್ಷುಕರ ಮಕ್ಕಳಿಗೂ ದೊರೆಯುವಂತಾಗಲೆಂಬುದೇ ಅಲ್ಲಿ ಅವರು ವ್ಯಕ್ತಪಡಿಸಿದ ಆಶೆ.

1939ರ ಕೊನೆಯಲ್ಲಿ ಥಿಯೊಸಾಫಿಕಲ್ ಸೊಸೈಟಿಯ ಅಧ್ಯಕ್ಷರಾದ ಜಾರ್ಜ್ ಅರುಂಡೇಲ್ ಅವರ ಆಹ್ವಾನದ ಮೇರೆಗೆ ಆಕೆಯೂ ಮಗನೂ ಮದರಾಸಿನ ಅಡ್ಯಾರಿಗೆ ಬಂದರು. ಕೆಲವು ತಿಂಗಳ ಮಟ್ಟಿಗೆಂದು ಬಂದವರನ್ನು ಯುದ್ಧವು ವರ್ಷಗಟ್ಟಲೆ ಹಿಡಿದು ನಿಲ್ಲಿಸಿತು. ಗರಿಯ ಚಪ್ಪರಗಳ ಕೆಳಗೆ ದೇಶದ ನಾನಾ ಕಡೆಗಳಿಂದ ಬಂದ ಮುನ್ನೂರಕ್ಕೂ ಹೆಚ್ಚು ಶಿಕ್ಷಕ ಶಿಕ್ಷಕಿಯರು ಕುಳಿತರು. ಆಕೆಯು ಇಟಾಲಿಯನ್ ಭಾಷೆಯಲ್ಲಿ ಉಪನ್ಯಾಸ ಮಾಡಲು ಮಾರಿಯೊ ಅದನ್ನು ಇಂಗ್ಲಿಷಿಗೆ ತಿರುಗಿಸುತ್ತಿದ್ದರು. 1940ರ ಜೂನಿನಲ್ಲಿ ಇಟಲಿಯು ಯುದ್ಧಕ್ಕಿಳಿಯಿತು. ಫ್ಯಾಸಿಸ್ಟರಿಂದ ದೇಶಾಂತರಗೊಂಡವರನ್ನೇ ಬ್ರಿಟಿಷ್ ಸರ್ಕಾರವು ಶತ್ರುಪ್ರಜೆಗಳೆಂದು ಎಣಿಸಿ, ಮಾರಿಯೊ ಅವರನ್ನು ಅಹಮದ್‌ನಗರದ ಬಂಧನಶಿಬಿರಕ್ಕೆ ಕಳುಹಿಸಿತು. ವೃದ್ಧೆಯನ್ನು ಅಡ್ಯಾರಿನ ಆವರಣದಲ್ಲಿ ನಿರ್ಬಂಧಿಸಿತು. ಆಗಸ್ಟ್ 31ರಂದು, ಆಕೆಗೆ ಎಪ್ಪತ್ತು ತುಂಬಿದ ದಿನ, ಹುಟ್ಟುಹಬ್ಬದ ಕಾಣಿಕೆಯೆಂದು ಮಗನನ್ನು ಬಿಡುಗಡೆಮಾಡುವ ತಂತಿಯು ವೈಸರಾಯರಿಂದ ಬಂದಿತು. ನಾಲ್ವತ್ತು ವರ್ಷಗಳಿಗೂ ಮಿಕ್ಕಿ ಬಹಿರಂಗವಾಗಿ ಹೇಳಲಾಗದ ನಂಟಿನ ಆ ಮಗನನ್ನು ಆ ತಂತಿಯು ಆಕೆಯ ಮಗನೆಂದೇ ಕರೆದಿತ್ತು.

ಅನಂತರ ಕೊಡೈಕಾನಲ್, ಅಹಮದಾಬಾದ್ ಮೊದಲಾದೆಡೆ ಆಕೆಯು ಶಿಕ್ಷಣವರ್ಗಗಳನ್ನು ನಡೆಯಿಸಿ, ಸಾವಿರಕ್ಕೂ ಹೆಚ್ಚು ಭಾರತೀಯ ಶಿಕ್ಷಕರನ್ನು ತರಬೇತುಗೊಳಿಸಿದರು. ಹುಟ್ಟಿದಂದಿನಿಂದಲೇ ಶಿಶುವು ಸುತ್ತಣ ಮಾತನ್ನೂ ನಡೆಯನ್ನೂ ಹೀರಿಕೊಂಡು ಬೆಳೆಯುವುದೆಂಬ ಆಕೆಯ ಪ್ರೌಢ ವಿಚಾರಗಳು ಇಲ್ಲಿನ ಉಪನ್ಯಾಸಗಳಿಂದಲೇ ಗ್ರಂಥರೂಪಕ್ಕೆ ಬಂದು 1949ರಲ್ಲಿ ಅಡ್ಯಾರಿನಲ್ಲಿ ಅಚ್ಚಾದವು. 1946ರಲ್ಲಿ ಯೂರೋಪಿಗೆ ತೆರಳಿ, 1947ರಲ್ಲಿ ಮರಳಿ ಬಂದು, 1949ರವರೆಗೂ ಸ್ವತಂತ್ರ ಭಾರತದಲ್ಲಿ ಕೆಲಸಮಾಡಿದರು. 1952ನೆಯ ಮೇ 6ರಂದು ಹಾಲೆಂಡಿನ ನೋರ್ಡ್‌ವೈಕ್ ಎಂಬ ಕಡಲತೀರದ ಊರಿನಲ್ಲಿ ಆಕೆಯು ಕಾಲವಶರಾದರು.

ಆಕೆಯ ಹೆಸರಿಗೆ ಒಡೆತನವಿಲ್ಲ. ಅದು ಎಲ್ಲರೂ ಬಳಸಬಹುದಾದ ಸಾಮಾನ್ಯ ಪದವೆಂದು 1967ರಲ್ಲಿ ಅಮೆರಿಕದಲ್ಲಿ ತೀರ್ಮಾನವಾಯಿತು; ನಮ್ಮಲ್ಲಿಯೂ ಎರಡು ಕೊಠಡಿಗಳನ್ನು ಬಾಡಿಗೆಗೆ ಹಿಡಿದವರು ಅದನ್ನು ಹಲಗೆಗೆ ಬರೆಯಿಸುವುದಕ್ಕೆ ಅಡ್ಡಿಯಿಲ್ಲ. ಆದುದರಿಂದ ಪರೀಕ್ಷಿಸುವ ಹೊಣೆಯು ತಂದೆತಾಯಿಗಳದು. ಶುಲ್ಕದ ಪಟ್ಟಿಯನ್ನೂ ಬಣ್ಣದ ಚಿತ್ರಗಳನ್ನೂ ನೋಡಿ ಮರುಳಾಗದೆ, ಶಾಲೆಯು ನಡೆಯುತ್ತಿರುವ ದಿನ ಅರ್ಧಗಂಟೆ ಒಂದು ಮೂಲೆಯಲ್ಲಿ ಕುಳಿತು ನೋಡಲು ಅಪ್ಪಣೆ ಕೇಳಬೇಕು. ಅದಕ್ಕೆ ಒಪ್ಪದ ಶಾಲೆಯ ವಿಷಯದಲ್ಲಿ ಸಂಶಯಪಡುವುದು ನ್ಯಾಯ. ಸಾಮಾನುಗಳು ಮಕ್ಕಳ ಕೈಗೆಟಕುವಂತಿವೆಯೆ, ಬೀಗದ ಹಿಂದೆ ಪ್ರದರ್ಶನಕ್ಕಿವೆಯೆ? ಮೂರು ವರ್ಷದ ಮಗುವು ಐದು ವರ್ಷದ ಮಗುವಿನ ಪಕ್ಕದಲ್ಲಿ ಕುಳಿತು ಕಲಿಯುವುದೆ? ಕೊಠಡಿಯಲ್ಲಿ ಕೇಳುವುದು ಮಕ್ಕಳ ಕೆಲಸದ ಗುನುಗೆ, ಉಪಾಧ್ಯಾಯಿನಿಯ ಗದರಿಕೆಯೆ? ಮಗುವೊಂದು ಬಟ್ಟೆ ಒದ್ದೆಮಾಡಿಕೊಂಡರೆ ಅದರ ಮಾನವನ್ನು ಕಾಪಾಡುವ ಕೈ ಅಲ್ಲಿದೆಯೆ? ಮನೆಯ ಮಾತಾದ ಕನ್ನಡವನ್ನೋ ತೆಲುಗನ್ನೋ ಉರ್ದುವನ್ನೋ ಆಡಿದ ಮಗುವನ್ನು ಇಂಗ್ಲಿಷಿನಲ್ಲಿ ಆಡೆಂದು ಬಾಯಿಮುಚ್ಚಿಸುವರೆ? ಬೆರಳು ಬಲಿಯುವ ಮೊದಲೇ ಪುಟಗಟ್ಟಲೆ ಬರೆಯಿಸುವರೆ? ಇವುಗಳಿಗೆ ದೊರೆಯುವ ಉತ್ತರವೇ ಶಾಲೆಯ ನಿಜವಾದ ಹೆಸರು.

ಮನೆಗೆ ಹತ್ತಿರವಿರುವುದೂ ಒಂದು ಗುಣವೆಂಬುದನ್ನು ಮರೆಯಬಾರದು. ಮೊದಲ ಮಕ್ಕಳ ಮನೆಯು ವಠಾರದ ಒಳಗೇ ಇತ್ತು. ತಾಯಿಯು ಬೇಕೆಂದಾಗ ಇಣಿಕಿ ನೋಡಬಹುದಿತ್ತು. ಹೆಬ್ಬಾಳದ ವಾಹನಸಂದಣಿಯಲ್ಲಿ ಮೂರು ವರ್ಷದ ಕೂಸನ್ನು ಗಂಟೆಗಟ್ಟಲೆ ಕೂರಿಸಿ ಹೆಸರಾಂತ ಶಾಲೆಗೆ ಒಯ್ಯುವುದರಿಂದ ಬರುವ ಲಾಭವು ನಮಗೆ ತಿಳಿಯದು. ಅಂತೆಯೇ ಮಾಂಟೆಸ್ಸರಿಯವರನ್ನು ಕಣ್ಣುಮುಚ್ಚಿ ಅನುಸರಿಸುವುದೂ ಬೇಡ. ಎಳೆಯ ಮಕ್ಕಳಿಗೆ ಕಾಲ್ಪನಿಕ ಕಥೆಗಳು ಸಲ್ಲವೆಂಬ ಅವರ ಮತವನ್ನು ಗಿಜುಭಾಯಿಯವರೇ ಪಾಲಿಸಲಿಲ್ಲ. ಬಾಲಮಂದಿರದಲ್ಲಿ ಕಥೆಗೂ ನಾಟಕಕ್ಕೂ ಹಿರಿಯ ಸ್ಥಾನವಿತ್ತರು. ಅಜ್ಜಿಯ ಕಥೆ ಕೇಳಿ ಬೆಳೆದ ನಾಡು ನಮ್ಮದು. ಅದನ್ನು ಯಾವ ವಿಧಾನಕ್ಕಾಗಿಯೂ ತೊರೆಯಬೇಕಾಗಿಲ್ಲ.

ಕೊನೆಯದಾಗಿ ಒಂದು ಮಾತು. ಗಿಜುಭಾಯಿಯವರ ಸಹೋದ್ಯೋಗಿ ತಾರಾಬಾಯಿ ಮೋಡಕರು ಬೋರ್ಡಿ ಮತ್ತು ಕೋಸಬಾಡ್‌ಗಳಲ್ಲಿ ಬಡ ಮಕ್ಕಳ ಅಂಗಳಕ್ಕೇ ಶಾಲೆಯನ್ನು ಒಯ್ದುದರಿಂದ ಅಂಗನವಾಡಿಯೆಂಬ ಹೆಸರು ಬೆಳೆದುಬಂದಿತು. 1975ನೆಯ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ಆರಂಭವಾದಾಗ, ನಮ್ಮ ರಾಜ್ಯದಲ್ಲಿ ಅದು ಟಿ. ನರಸೀಪುರದಲ್ಲಿ ಮೊದಲಾಯಿತು. 2024ರಲ್ಲಿ ರಾಜ್ಯ ಸರ್ಕಾರವು ಬೆಂಗಳೂರಿನ ಕೆಲವು ಅಂಗನವಾಡಿಗಳಲ್ಲಿ ಎಲ್‌ಕೆಜಿ, ಯುಕೆಜಿಗಳನ್ನು ತೆರೆದು ಅವುಗಳನ್ನು ಸರ್ಕಾರಿ ಮಾಂಟೆಸ್ಸರಿ ಎಂದು ಕರೆದಿತು. ಸಾನ್ ಲೊರೆಂಜೊದಿಂದ ಹೊರಟ ಹೆಸರು ಸಾಹುಕಾರರ ಬೀದಿಗಳನ್ನು ಸುತ್ತಿ ಮತ್ತೆ ಕೂಲಿಕಾರರ ಕೇರಿಗೆ ಬಂದಂತಾಯಿತು. ಆದರೆ ಹೆಸರಿನ ಜೊತೆಗೆ ಹುರುಳೂ ಬರಬೇಕು. ನುರಿತ ಉಪಾಧ್ಯಾಯಿನಿಯೂ, ಆಕೆಗೆ ತಕ್ಕ ವೇತನವೂ, ಮಕ್ಕಳ ಕೈಗೆ ಸಾಮಾನೂ ದೊರೆಯಬೇಕು. ಸಂಜಯನಗರದಲ್ಲಿ ಮಹಡಿಯ ಮನೆಯ ಮಗುವೂ, ಆ ಮಹಡಿಯನ್ನು ಕಟ್ಟಿದ ಕೂಲಿಯ ಮಗುವೂ ಒಂದೇ ವಯಸ್ಸಿನಲ್ಲಿ ಒಂದೇ ಹಸಿವಿನಿಂದ ಲೋಕವನ್ನು ನೋಡುತ್ತವೆ. ತಮ್ಮ ಮಗುವಿಗಾಗಿ ಹತ್ತು ಶಿಶುವಿಹಾರಗಳ ಮೆಟ್ಟಿಲು ಹತ್ತುವ ಗೃಹಸ್ಥರೂ ಅಧಿಕಾರಿಗಳೂ ತಮ್ಮ ಬೀದಿಯ ಅಂಗನವಾಡಿಯ ಮೆಟ್ಟಿಲನ್ನು ಒಂದು ಸಲವಾದರೂ ಹತ್ತಿ ನೋಡಲಿ. ಆ ಇಟಾಲಿಯನ್ ವಿದುಷಿಗೆ ನಾವು ಸಲ್ಲಿಸಬೇಕಾದ ಋಣವು ಅಲ್ಲಿಂದ ತೀರಲಾರಂಭಿಸುವುದು.